ನಮ್ಮ ಓದಿಗೊಂದು ಕಿರ್ದಿ

ವರ್ಷದ ಕೊನೆಗೆ ವ್ಯಾಪಾರಿಯು ತನ್ನ ಅಂಗಡಿಯ ಲೆಕ್ಕವನ್ನು ನೋಡುತ್ತಾನೆ; ರೈತನು ಕಣದ ರಾಶಿಯನ್ನು ಅಳೆಯುತ್ತಾನೆ; ಗೃಹಿಣಿಯು ಹಾಲಿನವನ ಬಾಕಿಯನ್ನೂ ದಿನಸಿಯ ಬಾಕಿಯನ್ನೂ ಚುಕ್ತಾ ಮಾಡುತ್ತಾಳೆ. ಆದರೆ ಓದುಬರಹ ಬಲ್ಲವನು ತಾನು ಆ ವರ್ಷದಲ್ಲಿ ಏನನ್ನು ಓದಿದೆನೆಂಬ ಲೆಕ್ಕವನ್ನು ನೋಡುವುದು ನಮ್ಮಲ್ಲಿ ಬಹಳ ಅಪೂರ್ವ. ಕಳೆದ ಹನ್ನೆರಡು ತಿಂಗಳಲ್ಲಿ ತಾವು ಓದಿ ಮುಗಿಸಿದ ಪುಸ್ತಕಗಳು ಯಾವುವೆಂದು ವಾಚಕರು ಈ ಕ್ಷಣದಲ್ಲಿಯೇ ತಮ್ಮನ್ನು ತಾವು ಕೇಳಿಕೊಳ್ಳಬಹುದು. ಎರಡು ಮೂರು ಹೆಸರುಗಳು ಒಡನೆಯೇ ನಾಲಿಗೆಗೆ ಬರುವುವು. ನಾಲ್ಕನೆಯದಕ್ಕೆ ಕೊಂಚ ಯೋಚಿಸಬೇಕಾಗುವುದು. ಅದರಿಂದಾಚೆಗೆ, ಇದನ್ನು ಓದಿದ್ದು ಈ ವರ್ಷವೋ ಹಿಂದಿನ ವರ್ಷವೋ ಎಂಬ ಸಂದೇಹ ಹುಟ್ಟುವುದು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ವರ್ಗವೂ ಈಚೆಗೆ ಕಾಣಿಸಿಕೊಂಡಿದೆ. ಇವರ ಲೆಕ್ಕವನ್ನು ಕೈಯಲ್ಲಿರುವ ಮೊಬೈಲೇ ಇಡುತ್ತದೆ. ಈ ವರ್ಷ ಐವತ್ತು ಪುಸ್ತಕ, ಮುಂದಿನ ವರ್ಷ ನೂರು ಎಂದು ಗುರಿಯನ್ನು ಹಾಕಿಕೊಂಡು, ಡಿಸೆಂಬರ್ ಮುಗಿಯುವ ಹೊತ್ತಿಗೆ ಆ ಸಂಖ್ಯೆಯನ್ನು ಇವರು ನಾಲ್ಕು ಜನರ ಮುಂದೆ ಸಾರುತ್ತಾರೆ. ಮೊದಲನೆಯ ವರ್ಗದವರಿಗೆ ಲೆಕ್ಕವೇ ಇಲ್ಲ. ಎರಡನೆಯವರಿಗೆ ಲೆಕ್ಕವೇ ಎಲ್ಲ. ನಮ್ಮ ಅಭಿಪ್ರಾಯದಲ್ಲಿ ಎರಡೂ ಸರಿಯಲ್ಲ. ಓದುವ ಪ್ರತಿಯೊಬ್ಬರೂ ತಮ್ಮ ಓದಿನ ಮತ್ತು ಕೇಳಿಕೆಯ ಲೆಕ್ಕವನ್ನು ತಮ್ಮ ಕೈಯಿಂದಲೇ ಬರೆದಿಡಬೇಕು. ಆದರೆ ಆ ಲೆಕ್ಕವು ಬರಿಯ ಸಂಖ್ಯೆಯಾಗಕೂಡದು. ಏಕೆ ಮತ್ತು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ನಾಲ್ಕು ಕಪಾಟುಗಳ ಆಯುಸ್ಸು

ಮೊದಲು ಒಂದು ಸಣ್ಣ ಗಣಿತ. ದುಡಿದು ಬದುಕುವ ಮನುಷ್ಯನಿಗೆ ದಿನಕ್ಕೆ ಅರ್ಧ ಗಂಟೆ ಓದಿಗೆ ದೊರೆಯುವುದೆಂದು ಇಟ್ಟುಕೊಳ್ಳೋಣ. ಒಂದು ಪುಟಕ್ಕೆ ಎರಡು ನಿಮಿಷದಂತೆ ದಿನಕ್ಕೆ 15 ಪುಟ, ವರ್ಷಕ್ಕೆ 5,475 ಪುಟ. ಪುಸ್ತಕವೊಂದಕ್ಕೆ ಸರಾಸರಿ 250 ಪುಟಗಳಾದರೆ, ವರ್ಷಕ್ಕೆ ಸುಮಾರು 22 ಪುಸ್ತಕಗಳಾಗುವುವು. ಒಂದು ದಿನವನ್ನೂ ತಪ್ಪಿಸದೆ ನಲವತ್ತು ವರ್ಷ ಹೀಗೆ ಓದಿದರೂ ಒಟ್ಟು 880 ಪುಸ್ತಕಗಳು ಮಾತ್ರ. ಒಂದೊಂದರ ದಪ್ಪ 2 ಸೆಂಟಿಮೀಟರ್ ಎಂದು ತೆಗೆದುಕೊಂಡರೆ, ಸಾಲಾಗಿ ನಿಲ್ಲಿಸಿದಾಗ ಇವು ಹದಿನೇಳೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದವಾಗುವುವು. 90 ಸೆಂಟಿಮೀಟರ್ ಅಗಲದ ಐದು ಅಂತಸ್ತಿನ ಕಪಾಟುಗಳು ನಾಲ್ಕಿದ್ದರೆ ಇಡೀ ಜೀವಮಾನದ ಓದು ಅವುಗಳಲ್ಲಿ ಅಡಗಿಹೋಗುವುದು!

ಈ ಅಂಕಿಗಳನ್ನು ವಾಚಕರು ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದು. ಅರ್ಧ ಗಂಟೆಯ ಬದಲು ಒಂದು ಗಂಟೆ ಓದುವವರಿಗೆ ಎಂಟು ಕಪಾಟುಗಳಾಗಬಹುದು, ಎಂಬತ್ತಂತೂ ಆಗವು. ಸಾಧಾರಣ ಕಾಲೇಜಿನ ಗ್ರಂಥಾಲಯದ ಒಂದು ಮೂಲೆಯಷ್ಟನ್ನು ಮಾತ್ರ ನಾವು ಓದಿ ಹೋಗಬಲ್ಲೆವು. ಹೀಗಿರುವಾಗ ಆ ನಾಲ್ಕು ಕಪಾಟುಗಳಲ್ಲಿ ಏನನ್ನು ತುಂಬುತ್ತಿದ್ದೇವೆಂಬುದನ್ನು ಗಮನಿಸದೆ ಇರುವುದು ಜಾಣತನವಲ್ಲ. ಹಣವನ್ನು ಕಳೆದುಕೊಂಡವನು ಮತ್ತೆ ಗಳಿಸಬಹುದು. ಓದುವ ಗಂಟೆಗಳನ್ನು ಹಾಗೆ ಗಳಿಸಲಾಗದು. ಆದರೂ ಹಣದ ಲೆಕ್ಕವನ್ನಿಡುವವರು ಬಹಳ. ಈ ಗಂಟೆಗಳ ಲೆಕ್ಕವನ್ನಿಡುವವರು ವಿರಳ.

ಗ್ರಂಥಾಲಯ ವಿಜ್ಞಾನಕ್ಕೆ ಭದ್ರವಾದ ತಳಹದಿಯನ್ನು ಹಾಕಿದ ಎಸ್. ಆರ್. ರಂಗನಾಥನ್ ಅವರು ಮೂಲತಃ ಗಣಿತದ ಅಧ್ಯಾಪಕರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಲು ತೊಡಗಿದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂಬುದು. ಗ್ರಂಥಪಾಲನು ನಮ್ಮ ಕಾಲವನ್ನು ಉಳಿಸಲು ಇಷ್ಟೊಂದು ಶ್ರಮಿಸುವಾಗ, ನಮ್ಮ ಕಾಲದ ಬಗೆಗೆ ನಾವೇ ಉದಾಸೀನರಾಗಿರುವುದು ಸಲ್ಲದು.

ಡಾರ್ವಿನ್ನನ ಪಟ್ಟಿ

ಓದಿನ ಪಟ್ಟಿಯನ್ನಿಡುವುದು ಗುಮಾಸ್ತೆಯ ಬುದ್ಧಿ, ರಸಿಕನಿಗೆ ಅದು ಶೋಭಿಸದು ಎಂದು ಕೆಲವರು ಹೀಗಳೆಯುವುದುಂಟು. ಅಂಥವರು ಚಾರ್ಲ್ಸ್ ಡಾರ್ವಿನ್ನನನ್ನು ನೆನೆಯಬೇಕು. 'ಬೀಗಲ್' ಹಡಗಿನ ಯಾನವನ್ನು ಮುಗಿಸಿ 1836ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದ ಆತನು, 1838ರಿಂದ 1860ರವರೆಗೆ, ತಾನು ಓದಿದ ಪುಸ್ತಕಗಳವು ಮತ್ತು ಓದಬೇಕೆಂದಿದ್ದ ಪುಸ್ತಕಗಳವು ಎಂದು ಎರಡು ಬಗೆಯ ಪಟ್ಟಿಗಳನ್ನು ಬರೆದಿಟ್ಟನು. 'ಜೀವಿಜಾತಿಗಳ ಉಗಮ'ವು ಪ್ರಕಟವಾದದ್ದು 1859ರಲ್ಲಿ. ಎಂದರೆ, ವಿಕಾಸವಾದವು ಆತನ ಮನಸ್ಸಿನಲ್ಲಿ ಮೊಳೆತು ಹಣ್ಣಾದ ಕಾಲವೆಲ್ಲವೂ ಈ ಪಟ್ಟಿಯೊಳಗೆ ಬರುತ್ತದೆ.

ಇದರಿಂದ ಆದ ಉಪಯೋಗವೇನು? 2017ರಲ್ಲಿ ಮರ್ಡಾಕ್, ಅಲೆನ್, ಡಿಡಿಯೊ ಎಂಬ ಮೂವರು ಸಂಶೋಧಕರು ಈ ಪಟ್ಟಿಯ ಗ್ರಂಥಗಳ ಪಠ್ಯಗಳನ್ನು ಗಣಕಯಂತ್ರದ ನೆರವಿನಿಂದ ಪರೀಕ್ಷಿಸಿ, ಆತನು ಓದಿದ ಒಂದೊಂದು ಪುಸ್ತಕವೂ ಅದಕ್ಕೆ ಮುಂಚೆ ಓದಿದವುಗಳಿಗೆ ಎಷ್ಟು ಸಮೀಪ, ಎಷ್ಟು ದೂರ ಎಂಬುದನ್ನು ಅಳೆದರು. ಮೊದಲ ವರ್ಷಗಳಲ್ಲಿ ಡಾರ್ವಿನ್ನನು ಒಂದೇ ಹೊಲವನ್ನು ಆಳವಾಗಿ ಉತ್ತು, ಕಾಲಕ್ರಮದಲ್ಲಿ ದೂರ ದೂರದ ಹೊಲಗಳ ಕಡೆಗೆ ತಿರುಗಿದನೆಂದು ಅವರಿಗೆ ಕಂಡುಬಂದಿತು. ಒಬ್ಬ ಮನುಷ್ಯನ ಬುದ್ಧಿಯು ನಡೆದ ದಾರಿಯನ್ನು ಅಳೆಯುವುದಕ್ಕೆ ಸಾಧ್ಯವಾದದ್ದು, ಅವನು ತಾರೀಖನ್ನೂ ಹೆಸರನ್ನೂ ಬರೆದಿಟ್ಟಿದ್ದನೆಂಬ ಒಂದೇ ಕಾರಣದಿಂದ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಮಾಲ್ಥಸ್‌ನ ಜನಸಂಖ್ಯೆಯ ಗ್ರಂಥವನ್ನು ಓದಿದಾಗ ತನಗೆ ನಿಸರ್ಗದ ಆಯ್ಕೆಯ ತತ್ತ್ವ ಹೊಳೆಯಿತೆಂದು ಡಾರ್ವಿನ್ನನು 1876ರಲ್ಲಿ ಬರೆದ ಆತ್ಮಕಥೆಯಲ್ಲಿ ಹೇಳಿ, ಆ ಓದಿನ ಕಾಲವನ್ನು 1838ರ ಅಕ್ಟೋಬರ್ ಎಂದು ಕೊಟ್ಟಿದ್ದಾನೆ. ಆದರೆ ಆ ಕಾಲದಲ್ಲಿಯೇ ಬರೆದ ಟಿಪ್ಪಣಿ ಪುಸ್ತಕದಲ್ಲಿ ಮಾಲ್ಥಸ್‌ನ ವಿಚಾರವು ಸೆಪ್ಟೆಂಬರ್ 28ರಂದೇ ಬಂದಿದೆ. ವ್ಯತ್ಯಾಸವು ಕೆಲವೇ ದಿನಗಳದು, ನಿಜ. ಆದರೂ ಡಾರ್ವಿನ್ನನಂಥ ಸೂಕ್ಷ್ಮಗ್ರಾಹಿಯು ಜೀವನದ ಅತಿ ಮುಖ್ಯವಾದ ಓದನ್ನು ನೆನೆಯುವಾಗಲೂ ನೆನಪನ್ನು ತಿದ್ದಲು ಬರಹ ಬೇಕಾಯಿತೆಂದ ಮೇಲೆ, ನಮ್ಮ ನಿಮ್ಮ ಪಾಡೇನು?

ನಮ್ಮ ದೇಶದಲ್ಲಿಯೂ ಇದಕ್ಕೆ ನಿದರ್ಶನವುಂಟು. 1922ರಿಂದ 1924ರವರೆಗೆ ಯೆರವಡಾ ಸೆರೆಮನೆಯಲ್ಲಿದ್ದ ಗಾಂಧೀಜಿಯವರು ಅಲ್ಲಿ ಬರೆದ ದಿನಚರಿಯಲ್ಲಿ ತಾವು ಓದಿದ ಗ್ರಂಥಗಳ ಹೆಸರುಗಳನ್ನು ಗುರುತಿಸಿಟ್ಟರು. ಒಂದೊಂದು ಕಾಸಿಗೂ ಒಂದೊಂದು ನಿಮಿಷಕ್ಕೂ ಲೆಕ್ಕ ಹೇಳುತ್ತಿದ್ದ ಅವರು ಓದನ್ನು ಲೆಕ್ಕದ ಹೊರಗೆ ಬಿಡಲಿಲ್ಲ.

ಮರೆವಿನ ವಕ್ರರೇಖೆ

ಪಟ್ಟಿಯಿಂದ ದೊರೆಯುವ ದೊಡ್ಡ ಲಾಭವು ಚರಿತ್ರಕಾರನಿಗಲ್ಲ, ಓದಿದವನಿಗೇ. ಇದನ್ನು ತಿಳಿಯಲು ಮರೆವಿನ ನಿಯಮವನ್ನು ನೋಡಬೇಕು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬಾತನು ಅರ್ಥವಿಲ್ಲದ ಉಚ್ಚಾರಾಂಶಗಳ ಸಾಲುಗಳನ್ನು ಬಾಯಿಪಾಠ ಮಾಡಿ, ಬೇರೆ ಬೇರೆ ಅವಧಿಗಳ ಅನಂತರ ಅವನ್ನು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತೆಂಬುದನ್ನು ತನ್ನ ಮೇಲೆಯೇ ಪ್ರಯೋಗ ಮಾಡಿ ಅಳೆದು 1885ರಲ್ಲಿ ಪ್ರಕಟಿಸಿದನು. ಇಪ್ಪತ್ತು ನಿಮಿಷಗಳ ಅನಂತರ ಉಳಿತಾಯವು ಶೇಕಡಾ 58. ಒಂದು ಗಂಟೆಯ ಅನಂತರ 44. ಒಂದು ದಿನದ ಅನಂತರ 34ರಷ್ಟು. ಒಂದು ತಿಂಗಳ ಅನಂತರ 21. ಮೊದಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನವಾಗಿ ಜಾರುವ ಈ ವಕ್ರರೇಖೆಯನ್ನು ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು 2015ರಲ್ಲಿ ಮರಳಿ ಪರೀಕ್ಷಿಸಿ, ಹೆಚ್ಚುಕಡಮೆ ಅದೇ ಆಕಾರವನ್ನು ಪಡೆದರು.

ಅರ್ಥವುಳ್ಳ ಪುಸ್ತಕವು ಅರ್ಥವಿಲ್ಲದ ಅಕ್ಷರಗಳಷ್ಟು ಬೇಗ ಮರೆಯುವುದಿಲ್ಲವೆಂಬುದು ನಿಶ್ಚಯ. ಆದರೆ ಮರೆವಿನ ಹೆಚ್ಚಿನ ಪಾಲು ಮೊದಲಲ್ಲಿಯೇ ನಡೆದುಹೋಗುವುದೆಂಬ ಪಾಠವು ಇಲ್ಲಿಯೂ ಪ್ರಯೋಜನಕಾರಿ. ಅದನ್ನು ತಡೆಯುವ ಬಗೆ ಯಾವುದು? ಪುಸ್ತಕವನ್ನು ಮತ್ತೊಮ್ಮೆ ಓದುವುದೆಂದು ಯಾರಾದರೂ ಹೇಳುವರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇದನ್ನು ಪರೀಕ್ಷೆಗೆ ಒಡ್ಡಿದರು. ಒಂದು ಗದ್ಯಭಾಗವನ್ನು ಓದಿದ ವಿದ್ಯಾರ್ಥಿಗಳು ಒಮ್ಮೆ ಅದನ್ನು ಮತ್ತೆ ಓದಿದರು. ಇನ್ನೊಮ್ಮೆ, ಬೇರೊಂದು ಭಾಗವನ್ನು ಓದಿದ ಮೇಲೆ, ಮತ್ತೆ ಓದದೆ ನೆನಪಿನಿಂದ ಬರೆದರು. ಐದು ನಿಮಿಷಗಳ ಅನಂತರ ಕೇಳಿದಾಗ ಮತ್ತೆ ಓದಿದ್ದೇ ಮೇಲಾಗಿತ್ತು. ಆದರೆ ಒಂದು ವಾರದ ಅನಂತರ, ಮತ್ತೆ ಓದಿದ ಭಾಗದಲ್ಲಿ ಶೇಕಡಾ 42ರಷ್ಟು ನೆನಪಿದ್ದರೆ, ನೆನಪಿನಿಂದ ಬರೆದ ಭಾಗದಲ್ಲಿ ಶೇಕಡಾ 56ರಷ್ಟು ಉಳಿದಿತ್ತು.

ಓದಿನ ಕಿರ್ದಿಯ ಗುಟ್ಟೆಲ್ಲ ಇಲ್ಲಿಯೇ ಇದೆ. ಪುಸ್ತಕವನ್ನು ಮುಚ್ಚಿಟ್ಟು, ಒಂದು ರಾತ್ರಿ ಕಳೆದ ಮೇಲೆ, ಅದರ ಸಾರವನ್ನು ಐದಾರು ಸಾಲುಗಳಲ್ಲಿ ನೆನಪಿನಿಂದಲೇ ಬರೆದರೆ ಅದು ದಾಖಲೆಯೂ ಹೌದು, ಅಭ್ಯಾಸವೂ ಹೌದು. ಪುಸ್ತಕದ ಹೆಸರಿನ ಮುಂದೆ ಗುರುತು ಹಾಕಿ, ಐದು ನಕ್ಷತ್ರಗಳಲ್ಲಿ ನಾಲ್ಕನ್ನು ಒತ್ತಿದ ಮಾತ್ರಕ್ಕೆ ಈ ಫಲ ದೊರೆಯದು. ಬರೆಯಲು ಕುಳಿತಾಗ ಐದು ಸಾಲುಗಳೂ ಹೊಳೆಯದಿದ್ದರೆ, ಅದೂ ಒಂದು ಅಳತೆಯೇ. ದೋಷವು ಪುಸ್ತಕದ್ದೋ ನಮ್ಮ ಗಮನದ್ದೋ ಎಂಬುದನ್ನು ಮಾತ್ರ ವಿಚಾರಿಸಿಕೊಳ್ಳಬೇಕು.

ಕಿವಿಯ ಓದು

ಈಗ ಆಡಿಯೋಬುಕ್ ಎಂದು ಎಲ್ಲರೂ ಕರೆಯುವ ಧ್ವನಿಪುಸ್ತಕದ ಪ್ರಶ್ನೆಗೆ ಬರೋಣ. ಬಸ್ಸಿನಲ್ಲಿ ನಿಂತುಕೊಂಡೋ ರೊಟ್ಟಿ ತಟ್ಟುತ್ತಲೋ ಕೇಳಿದ ಪುಸ್ತಕವನ್ನು 'ಓದಿದೆ' ಎಂದು ಬರೆದುಕೊಳ್ಳಬಹುದೆ? ಅದು ಮೋಸವಲ್ಲವೆ? ಎಂದು ಕೆಲವರು ಕೇಳುತ್ತಾರೆ.

ನಮ್ಮ ಭಾಷೆಯೇ ಇದಕ್ಕೆ ಅರ್ಧ ಉತ್ತರವನ್ನು ಕೊಟ್ಟಿದೆ. ವಿದ್ವಾಂಸನನ್ನು ನಾವು 'ಬಹುಶ್ರುತ'ನೆಂದು ಕರೆಯುತ್ತೇವೆ. ಬಹಳವಾಗಿ ಕೇಳಿದವನು ಎಂಬುದೇ ಅದರ ಅರ್ಥ. ಮದುವೆಯ ಮನೆಯಲ್ಲಿ ಮುಯ್ಯಿಯನ್ನು 'ಓದಿಸುವುದು' ಎಂದರೆ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿಸುವುದು. ಕುಮಾರವ್ಯಾಸನ ಭಾರತವನ್ನೂ ಜೈಮಿನಿ ಭಾರತವನ್ನೂ ಗಮಕಿಯ ಬಾಯಿಂದ ಕೇಳಿ ತಿಳಿದ ಜನರು ಕನ್ನಡನಾಡಿನ ಹಳ್ಳಿಹಳ್ಳಿಗಳಲ್ಲಿ ಇದ್ದರು. ಅವರಲ್ಲಿ ಅನೇಕರಿಗೆ ಅಕ್ಷರವೇ ಬಾರದು. ಅವರಿಗೆ ಆ ಕಾವ್ಯಗಳು ತಿಳಿಯವೆಂದು ಹೇಳುವ ಧೈರ್ಯ ಯಾರಿಗುಂಟು? ಡಾರ್ವಿನ್ನನೂ ತನಗೆ ಎಷ್ಟೋ ಕಾದಂಬರಿಗಳನ್ನು ಮನೆಯವರು ಓದಿಹೇಳುತ್ತಿದ್ದರೆಂದೂ ಅದರಿಂದ ತನಗೆ ಬಹಳ ಸುಖವಾಗುತ್ತಿತ್ತೆಂದೂ ಬರೆದಿದ್ದಾನೆ.

ಯಂತ್ರದ ಮೂಲಕ ಪುಸ್ತಕವನ್ನು ಕೇಳಿಸುವ ಆಲೋಚನೆಯೂ ಹೊಸದಲ್ಲ. 1877ರಲ್ಲಿ ಫೋನೊಗ್ರಾಫನ್ನು ರಚಿಸಿದ ಎಡಿಸನ್, ಮರುವರ್ಷವೇ ಅದರ ಉಪಯೋಗಗಳನ್ನು ಎಣಿಸುವಾಗ ಕುರುಡರಿಗಾಗಿ ಮಾತನಾಡುವ ಪುಸ್ತಕಗಳನ್ನು ಸೂಚಿಸಿದ್ದನು. ಅಮೆರಿಕದಲ್ಲಿ 1934ರಲ್ಲಿಯೂ ಬ್ರಿಟನ್ನಿನಲ್ಲಿ 1935ರಲ್ಲಿಯೂ ಇಂಥ ಪುಸ್ತಕಗಳು ಕುರುಡರ ಕೈಗೆ ಬಂದವು. ಒಂದು ಕಾದಂಬರಿಗೆ ಹಲವು ತಟ್ಟೆಗಳು ಬೇಕಾಗುತ್ತಿದ್ದವು. ತಟ್ಟೆಯು ಹೋಗಿ ಕ್ಯಾಸೆಟ್ ಬಂದಿತು. ಕ್ಯಾಸೆಟ್ ಹೋಗಿ ಸಿ.ಡಿ. ಬಂದಿತು, ಈಗ ನೂರಾರು ಪುಸ್ತಕಗಳು ಜೇಬಿನೊಳಗಿನ ಮೊಬೈಲಿನಲ್ಲಿ ಕುಳಿತಿವೆ. 2005ರಲ್ಲಿ ಆರಂಭವಾದ ಲಿಬ್ರಿವಾಕ್ಸ್ ಎಂಬ ಸಂಸ್ಥೆಯ ಸ್ವಯಂಸೇವಕರು ಹಕ್ಕುಸ್ವಾಮ್ಯ ಮುಗಿದ ಗ್ರಂಥಗಳನ್ನು ಓದಿ, ಧ್ವನಿಮುದ್ರಿಸಿ, ಎಲ್ಲರಿಗೂ ಉಚಿತವಾಗಿ ಒದಗಿಸುತ್ತಿದ್ದಾರೆ. ಕನ್ನಡದಲ್ಲಿಯೂ ಕತೆ ಕಾದಂಬರಿಗಳು ಈಗ ಈ ರೂಪದಲ್ಲಿ ದೊರೆಯುತ್ತಿವೆ.

ಉಳಿದರ್ಧ ಉತ್ತರವನ್ನು ವಿಜ್ಞಾನದಿಂದ ಪಡೆಯಬೇಕು. 2019ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿಯ ಸಂಶೋಧಕರು, ಒಂದೇ ಕಥೆಗಳನ್ನು ಕೇಳುವಾಗಲೂ ಓದುವಾಗಲೂ ಮಿದುಳಿನ ಚಟುವಟಿಕೆಯನ್ನು ಚಿತ್ರಿಸಿ ಹೋಲಿಸಿ, ಅರ್ಥಗ್ರಹಣಕ್ಕೆ ಸಂಬಂಧಪಟ್ಟ ಭಾಗಗಳು ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ ರೀತಿಯಾಗಿ ವರ್ತಿಸುವುವೆಂದು ತೋರಿಸಿದರು. 2022ರಲ್ಲಿ ಕ್ಲಿಂಟನ್-ಲಿಸೆಲ್ ಎಂಬ ವಿದುಷಿಯು 46 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಓದಿ ಗ್ರಹಿಸುವುದಕ್ಕೂ ಕೇಳಿ ಗ್ರಹಿಸುವುದಕ್ಕೂ ಒಟ್ಟಿನಲ್ಲಿ ಗಣನೀಯವಾದ ಭೇದ ಕಾಣಲಿಲ್ಲ. ಆದರೆ ಎರಡು ಸಂದರ್ಭಗಳಲ್ಲಿ ಓದು ಮೇಲಾಗಿತ್ತು: ಓದುಗನು ತನ್ನ ವೇಗದಲ್ಲಿ ತಾನು ಓದಲು ಅವಕಾಶವಿದ್ದಾಗ, ಮತ್ತು ಹೇಳಿದುದರಿಂದ ಹೇಳದಿರುವುದನ್ನು ಊಹಿಸಿ ತಿಳಿಯಬೇಕಾದಾಗ.

ಇದರ ಕಾರಣವನ್ನು ಕಂಡುಕೊಳ್ಳುವುದು ಕಷ್ಟವಲ್ಲ. ಓದುವಾಗ ಕಣ್ಣು ಸಾಲಿನುದ್ದಕ್ಕೂ ಸಮವಾಗಿ ಹರಿಯುವುದಿಲ್ಲ. ಒಂದೊಂದೆಡೆ ಕಾಲು ಸೆಕೆಂಡಿನಷ್ಟು ನಿಂತು, ನೆಗೆಯುತ್ತ ಹೋಗುತ್ತದೆ. ಇಂಗ್ಲಿಷ್ ಓದುವವರಲ್ಲಿ ಈ ನೆಗೆತಗಳ ಪೈಕಿ ಶೇಕಡಾ 10ರಿಂದ 15ರಷ್ಟು ಹಿಂದಕ್ಕೆ ಆಗುತ್ತವೆಂದು ಕಂಡುಹಿಡಿದಿದ್ದಾರೆ. ಅರ್ಥವಾಗದ ಕಡೆ ಕಣ್ಣು ತಾನಾಗಿಯೇ ಹಿಂತಿರುಗುತ್ತದೆ. ಕಿವಿಗೆ ಈ ಸೌಕರ್ಯವಿಲ್ಲ. ಗುಂಡಿಯನ್ನು ಒತ್ತಿ ಹಿಂದಕ್ಕೆ ಹೋಗಬಹುದಾದರೂ ಸ್ಟೀಯರಿಂಗ್ ಹಿಡಿದ ಕೈಯೋ ಹಿಟ್ಟಿನಲ್ಲಿರುವ ಕೈಯೋ ಅದಕ್ಕೆ ಹೋಗುವುದಿಲ್ಲ. ಆದುದರಿಂದ ಕಾದಂಬರಿ, ಜೀವನಚರಿತ್ರೆ, ಪ್ರವಾಸಕಥನಗಳನ್ನು ಧಾರಾಳವಾಗಿ ಕೇಳಬಹುದು. ಸಮೀಕರಣಗಳುಳ್ಳ ಭೌತಶಾಸ್ತ್ರದ ಗ್ರಂಥವನ್ನು ಕೇಳಿಯೇ ಕಲಿಯುತ್ತೇವೆಂದು ನಮ್ಮ ವಿದ್ಯಾರ್ಥಿಗಳು ಹೇಳಿದರೆ ಮಾತ್ರ ನಾವು ಒಪ್ಪಲಾರೆವು.

ಕೇಳಿಕೆಯನ್ನು ಮೋಸವೆಂದು ತಳ್ಳಿಹಾಕುವುದೂ ತಪ್ಪು. ಎರಡನ್ನೂ ಒಂದೇ ಎಂದು ಬೆರೆಸಿಬಿಡುವುದೂ ತಪ್ಪು. ಎರಡನ್ನೂ ಒಂದೇ ಕಿರ್ದಿಯಲ್ಲಿ ಬರೆದು, 'ಕಣ್ಣು' 'ಕಿವಿ' ಎಂದು ಗುರುತು ಹಾಕಿದರೆ ತಗಾದೆಯೇ ಉಳಿಯದು. ವರ್ಷದ ಕೊನೆಗೆ ತನ್ನ ಕಿವಿಯಲ್ಲಿ ಯಾವ ಬಗೆಯ ಪುಸ್ತಕ ನಿಂತಿತು, ಯಾವುದು ಸೋರಿಹೋಯಿತು ಎಂಬುದು ಒಬ್ಬೊಬ್ಬನಿಗೂ ತನ್ನ ಬರಹದಿಂದಲೇ ತಿಳಿಯುತ್ತದೆ.

ಅಳೆಯುವ ಮಾನ ಯಾವುದು?

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಉತ್ತರವನ್ನು 'ಹನ್ನೆರಡು' ಎಂದು ಬರೆದು ತಂದರೆ, ಹನ್ನೆರಡು ಏನು ಎಂದು ನಾವು ಕೇಳುತ್ತೇವೆ. ಮಾನವಿಲ್ಲದ ಸಂಖ್ಯೆಗೆ ಅಲ್ಲಿ ಬೆಲೆಯಿಲ್ಲ. 'ಈ ವರ್ಷ ನಲವತ್ತು ಪುಸ್ತಕ ಓದಿದೆ' ಎಂಬ ಮಾತಿಗೂ ಇದೇ ಆಕ್ಷೇಪಣೆ ಸಲ್ಲುತ್ತದೆ. ಪುಸ್ತಕವೆಂಬುದು ಮೀಟರಿನಂತೆ ಸ್ಥಿರವಾದ ಮಾನವಲ್ಲ. ಅರವತ್ತು ಪುಟದ ಕವನಸಂಗ್ರಹವೂ ಒಂದು ಪುಸ್ತಕ. ಎಂಟುನೂರು ಪುಟದ ಕಾದಂಬರಿಯೂ ಒಂದು ಪುಸ್ತಕ. ಪುಟವೆಂದರೆ ಅಚ್ಚಿನ ಮೊಳೆಯ ಗಾತ್ರದೊಡನೆ ಅದು ಬದಲಾಗುತ್ತದೆ. ಪದವೆಂದರೆ ಭಾಷೆಯೊಡನೆ ಬದಲಾಗುತ್ತದೆ: 'ಹೋಗಬೇಕಾಗಿತ್ತು' ಎಂಬ ನಮ್ಮ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಮೂರು ಪದಗಳಾದರೂ ಬೇಕು.

ಕಣ್ಣಿಗೂ ಕಿವಿಗೂ ಸಮಾನವಾಗಿ ಒಪ್ಪುವ ಮಾನವು ಕಾಲವೊಂದೇ. ಬ್ರಿಸ್‌ಬಾರ್ಟ್ ಎಂಬ ಬೆಲ್ಜಿಯಂ ದೇಶದ ವಿದ್ವಾಂಸನು 190 ಅಧ್ಯಯನಗಳನ್ನು ಸೇರಿಸಿ 2019ರಲ್ಲಿ ಹಾಕಿದ ಲೆಕ್ಕದಂತೆ, ವಯಸ್ಕರು ಇಂಗ್ಲಿಷಿನ ಕಥೆಯಲ್ಲದ ಗದ್ಯವನ್ನು ಮನಸ್ಸಿನಲ್ಲಿ ಓದಿಕೊಳ್ಳುವ ವೇಗ ನಿಮಿಷಕ್ಕೆ ಸರಾಸರಿ 238 ಪದಗಳು. ಗಟ್ಟಿಯಾಗಿ ಓದುವ ವೇಗ 183. ಧ್ವನಿಪುಸ್ತಕದ ವಾಚಕನು ಇನ್ನೂ ಸಾವಕಾಶವಾಗಿ, ನಿಮಿಷಕ್ಕೆ 150 ಪದಗಳಂತೆ ಓದುವನೆಂದು ಇಟ್ಟುಕೊಂಡರೆ, 90,000 ಪದಗಳ ಪುಸ್ತಕವು ಕಿವಿಗೆ 10 ಗಂಟೆ; ಅದೇ ಪುಸ್ತಕ ಕಣ್ಣಿಗೆ 6 ಗಂಟೆ 18 ನಿಮಿಷ. ಯಂತ್ರದ ವೇಗವನ್ನು ಒಂದೂವರೆ ಪಟ್ಟು ಮಾಡಿ ಕೇಳುವವರಿಗೆ 10 ಗಂಟೆಯು 6 ಗಂಟೆ 40 ನಿಮಿಷಕ್ಕೆ ಇಳಿಯುತ್ತದೆ. ಆದ್ದರಿಂದ ಪುಸ್ತಕದ ಮೇಲೆ ನಮೂದಿಸಿದ ಅವಧಿಯನ್ನು ಬರೆಯದೆ, ನಾವು ನಿಜವಾಗಿ ಕೊಟ್ಟ ಕಾಲವನ್ನು ಬರೆಯತಕ್ಕದ್ದು. ಅದೂ ಕಾಲು ಗಂಟೆಯ ಮಟ್ಟಿಗೆ ಸರಿಯಾಗಿದ್ದರೆ ಸಾಕು. ಮೊಳದಲ್ಲಿ ಅಳೆಯಬೇಕಾದ ಬಟ್ಟೆಗೆ ಸ್ಕ್ರೂಗೇಜನ್ನು ಹಿಡಿಯುವುದು ವಿಜ್ಞಾನವಲ್ಲ.

ಎಣಿಕೆಯ ಕೇಡು

ಗಂಟೆಗಳನ್ನು ಬರೆಯಬೇಕೆಂದವರು ಗಂಟೆಗಳ ಗುರಿಯನ್ನೂ ಹಾಕಿಕೊಳ್ಳಬೇಕೆನ್ನುವಿರಾ ಎಂದು ವಾಚಕರು ಕೇಳಬಹುದು. ಇಲ್ಲ. ಅಳತೆಯು ಬೇರೆ, ಗುರಿಯು ಬೇರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸಿನ ನೀತಿಯ ವಿಷಯದಲ್ಲಿ ಗುರುತಿಸಿದ ಒಂದು ಸಂಗತಿಯು ಈಗ ಅವನ ಹೆಸರಿನ ನಿಯಮವಾಗಿದೆ: ಯಾವ ಅಳತೆಯನ್ನು ಗುರಿಯಾಗಿ ಮಾಡಿಕೊಳ್ಳುತ್ತೇವೆಯೋ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲವೆಂಬುದು ಅದರ ತಾತ್ಪರ್ಯ. ಪರೀಕ್ಷೆಯ ಅಂಕಗಳ ವಿಷಯದಲ್ಲಿ ಅಧ್ಯಾಪಕರಾದ ನಾವು ಇದನ್ನು ಪ್ರತಿವರ್ಷವೂ ಕಾಣುತ್ತಿದ್ದೇವೆ. ಐವತ್ತು ಪುಸ್ತಕದ ಗುರಿ ಹಾಕಿಕೊಂಡವನು ನವೆಂಬರಿನಲ್ಲಿ ಮೂವತ್ತೈದರಲ್ಲಿದ್ದರೆ, ಸಣ್ಣ ಪುಸ್ತಕಗಳನ್ನು ಹುಡುಕುತ್ತಾನೆ. ದೊಡ್ಡದನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾನೆ. ಧ್ವನಿಯ ವೇಗವನ್ನು ಎರಡು ಪಟ್ಟು ಏರಿಸುತ್ತಾನೆ. ಸಂಖ್ಯೆ ಬೆಳೆಯುತ್ತದೆ, ಓದು ಕ್ಷೀಣಿಸುತ್ತದೆ.

ಸಂತೋಷಕ್ಕೂ ಇದರಿಂದ ಹಾನಿಯುಂಟು. ಅಮೆರಿಕದ ಜಾರ್ಡನ್ ಎಟ್ಕಿನ್ ಎಂಬ ಸಂಶೋಧಕಿಯು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚಿತ್ರಕ್ಕೆ ಬಣ್ಣ ತುಂಬುವುದು, ನಡೆಯುವುದು, ಓದುವುದು ಮುಂತಾದ ಕೆಲಸಗಳನ್ನು ಮಾಡುವಾಗಲೇ ಅಳೆಯುತ್ತ ಹೋದವರು ಹೆಚ್ಚು ಕೆಲಸ ಮಾಡಿದರೂ ಅದರಲ್ಲಿ ಕಡಮೆ ಸುಖವನ್ನು ಪಡೆದರೆಂದು ಕಂಡುಬಂದಿತು. ಅಳತೆಯು ಆಟವನ್ನು ಕೂಲಿಯಾಗಿ ಮಾಡುತ್ತದೆ. ಲೆಕ್ಕವಿಡುವುದರ ವಿರುದ್ಧ ಹೇಳಬಹುದಾದ ವಾದಗಳಲ್ಲಿ ಇದೇ ಪ್ರಬಲವಾದದ್ದು. ಇದನ್ನು ನಾವು ಗೌರವಿಸಬೇಕು. ಆದರೆ ಇದರಿಂದ ಸಿದ್ಧವಾಗುವುದು ಓದುತ್ತಿರುವಾಗ ಗಡಿಯಾರವನ್ನು ನೋಡಬಾರದೆಂಬುದೇ ಹೊರತು, ಓದಿದ ಮೇಲೆ ಬರೆಯಬಾರದೆಂದಲ್ಲ. ಊಟದ ನಡುವೆ ತುತ್ತುಗಳನ್ನು ಎಣಿಸಿದರೆ ರುಚಿ ಕೆಡುತ್ತದೆ. ಊಟವಾದ ಮೇಲೆ ಅಡುಗೆಯನ್ನು ನೆನೆಯುವುದರಿಂದ ರುಚಿ ಕೆಡುವುದಿಲ್ಲ.

ಕಿರ್ದಿ ಯಾರ ಕೈಯಲ್ಲಿ?

ಲೆಕ್ಕವನ್ನು ಮೊಬೈಲೇ ಇಡುತ್ತಿರುವಾಗ ಕೈಬರಹದ ಕಷ್ಟವೇಕೆ ಎಂಬ ಪ್ರಶ್ನೆ ಉಳಿಯುತ್ತದೆ. 2009ರ ಜುಲೈನಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕಿಲ್ಲದ ಪ್ರಕಾಶಕನು ಮಾರಿದ್ದನೆಂಬ ಕಾರಣದಿಂದ, ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯ ಪ್ರತಿಗಳನ್ನು ಕೊಂಡವರ ಕಿಂಡಲ್ ಯಂತ್ರಗಳಿಂದ ದೂರದಲ್ಲಿದ್ದುಕೊಂಡೇ ಅಳಿಸಿಹಾಕಿತು. ಹಣವನ್ನೇನೋ ಹಿಂದಿರುಗಿಸಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಆದರೆ ಆ ಪುಸ್ತಕದ ಮೇಲೆ ಟಿಪ್ಪಣಿಗಳನ್ನು ಬರೆದಿದ್ದ ಶಾಲಾ ವಿದ್ಯಾರ್ಥಿಯೊಬ್ಬನಿಗೆ ಆ ಟಿಪ್ಪಣಿಗಳು ನಿರುಪಯುಕ್ತವಾಗಿ, ವಿಷಯವು ನ್ಯಾಯಾಲಯದವರೆಗೆ ಹೋಯಿತು. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಪುಸ್ತಕ ಮಳಿಗೆಯನ್ನು ಮುಚ್ಚಿದಾಗಲೂ ಅಲ್ಲಿ ಕೊಂಡ ಪುಸ್ತಕಗಳು ಓದಲು ಬಾರದಂತಾದವು.

ಪರರ ಅಂಗಡಿಯಲ್ಲಿಟ್ಟ ಕಿರ್ದಿಯು ಅಂಗಡಿಯ ಬಾಗಿಲು ತೆರೆದಿರುವವರೆಗೆ ಮಾತ್ರ ನಮ್ಮದು. ಅಷ್ಟೇ ಅಲ್ಲ, ನಾವು ಏನನ್ನು ಓದಿದೆವು, ಎಲ್ಲಿ ನಿಲ್ಲಿಸಿದೆವು ಎಂಬುದು ಅಂಗಡಿಯವನಿಗೆ ಸರಕು. ಮುಂದೇನನ್ನು ಮಾರಬೇಕೆಂದು ಅವನು ಅದರಿಂದ ತಿಳಿಯುತ್ತಾನೆ. ಅವನು ತಿಳಿಯಲಿ, ಆದರೆ ನಮ್ಮ ಓದಿನ ವಿಷಯವನ್ನು ನಮಗಿಂತ ಚೆನ್ನಾಗಿ ಅವನೇ ಬಲ್ಲವನಾಗುವುದು ಮಾತ್ರ ಉಚಿತವಲ್ಲ. ಡಾರ್ವಿನ್ನನ ಪಟ್ಟಿ ಇಂದಿಗೂ ಉಳಿದಿರುವುದು ಅದು ಕಾಗದದ ಮೇಲಿರುವುದರಿಂದ.

ಕಿರ್ದಿಯೂ ಖಾತೆಯೂ

ನಮ್ಮ ವರ್ತಕರು ಎರಡು ಪುಸ್ತಕಗಳನ್ನಿಡುತ್ತಿದ್ದರು. ಅಂದಂದಿನ ವ್ಯವಹಾರವನ್ನು ಅಂದಂದೇ ಬರೆಯುವುದು ಕಿರ್ದಿ. ಅದನ್ನು ಬಾಬಿನ ಪ್ರಕಾರ ವಿಂಗಡಿಸಿ ಬರೆಯುವುದು ಖಾತೆ. ಓದಿಗೂ ಇದೇ ಕ್ರಮ ಚೆನ್ನ. ನೂರು ಪುಟದ ಒಂದು ಸಾಧಾರಣ ನೋಟ್‌ಬುಕ್ಕು ಹಲವು ವರ್ಷಗಳಿಗೆ ಸಾಕು. ಕಿರ್ದಿಯಲ್ಲಿ ಪುಸ್ತಕದ ಹೆಸರು, ಕರ್ತೃ, ಭಾಷೆ, ತೊಡಗಿದ ಮತ್ತು ಮುಗಿಸಿದ ತಾರೀಖು, ಕಣ್ಣೋ ಕಿವಿಯೋ, ಕೊಟ್ಟ ಕಾಲ, ಯಾರು ಹೇಳಿದ್ದರಿಂದ ಓದಿದೆವು ಎಂಬುದು, ಕೊನೆಗೆ, ಮರುದಿನ ಪುಸ್ತಕವನ್ನು ಮುಚ್ಚಿಟ್ಟು ಬರೆದ ಐದು ಸಾಲು. ಅರ್ಧಕ್ಕೆ ಬಿಟ್ಟ ಪುಸ್ತಕವನ್ನೂ ಬಿಟ್ಟ ಪುಟದೊಡನೆ ಬರೆಯಬೇಕು. ಪ್ರಯೋಗವು ನಿರೀಕ್ಷಿಸಿದ ಫಲವನ್ನು ಕೊಡದಿದ್ದಾಗಲೂ ಅದನ್ನು ದಾಖಲೆಯಿಂದ ಹರಿದುಹಾಕಬಾರದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲವೆ? ಇದೂ ಹಾಗೆಯೇ. ಬಿಟ್ಟ ಪುಸ್ತಕಗಳ ಸಾಲು ಮುಗಿಸಿದ ಪುಸ್ತಕಗಳ ಸಾಲಿಗಿಂತ ಹೆಚ್ಚನ್ನು ಕಲಿಸುವುದುಂಟು.

ವರ್ಷಕ್ಕೊಮ್ಮೆ, ಒಂದು ಸಂಜೆ, ಖಾತೆಯನ್ನು ತೆಗೆಯಬೇಕು. ಎಷ್ಟು ಎಂಬ ಪ್ರಶ್ನೆಯನ್ನು ಕೊನೆಗೆ ಕೇಳಿಕೊಂಡರೆ ಸಾಕು. ಮೊದಲು ಕೇಳಬೇಕಾದವು ಬೇರೆ ಇವೆ. ಕನ್ನಡಕ್ಕೆ ಎಷ್ಟು ಗಂಟೆ ಸಂದಿತು, ಇಂಗ್ಲಿಷಿಗೆ ಎಷ್ಟು? ನಮ್ಮ ಕಸುಬಿನ ಹೊರಗಿನ ವಿಷಯವನ್ನು ಒಮ್ಮೆಯಾದರೂ ಮುಟ್ಟಿದೆವೆ? ವಿಜ್ಞಾನ ಓದಿದವರ ಖಾತೆಯಲ್ಲಿ ಕಾವ್ಯವುಂಟೆ, ಸಾಹಿತ್ಯ ಓದಿದವರ ಖಾತೆಯಲ್ಲಿ ವಿಜ್ಞಾನವುಂಟೆ? ನಮ್ಮ ಅಭಿಪ್ರಾಯವನ್ನು ಬದಲಿಸಿದ ಪುಸ್ತಕ ಯಾವುದು? ಒಂದೂ ಇಲ್ಲವಾದರೆ ನಾವು ಓದಿದ್ದೆಲ್ಲ ಆಗಲೇ ಒಪ್ಪಿಕೊಂಡಿದ್ದುದನ್ನೇ ಅಲ್ಲವೆ? ಈ ಪ್ರಶ್ನೆಗಳಿಗೆ ಮೊಬೈಲಿನ ಪಟ್ಟಿ ಉತ್ತರ ಹೇಳಲಾರದು. ಐದೈದು ಸಾಲಿನ ಕಿರ್ದಿಯು ಹೇಳಬಲ್ಲುದು.

ಕಾಲೇಜಿನಲ್ಲಿ ಪ್ರಯೋಗದ ರೆಕಾರ್ಡ್ ಪುಸ್ತಕವನ್ನು ಮೂರು ವರ್ಷ ಬರೆಯುವ ವಿದ್ಯಾರ್ಥಿಯು ಪದವಿ ಮುಗಿದ ಮರುದಿನ ಅದನ್ನು ರದ್ದಿಗೆ ಹಾಕುತ್ತಾನೆ. ಅಳೆದು ಬರೆಯುವ ಆ ಅಭ್ಯಾಸದಲ್ಲಿ ಒಂದು ಪಾಲನ್ನಾದರೂ ತನ್ನ ಓದಿನ ಕಡೆಗೆ ತಿರುಗಿಸಿಕೊಂಡರೆ ಆ ಮೂರು ವರ್ಷಗಳು ವ್ಯರ್ಥವಾಗವು. ಜೀವಮಾನಕ್ಕೆ ನಮಗೆ ದೊರೆಯುವುದು ಬಹಳವೆಂದರೆ ಕೆಲವು ಕಪಾಟುಗಳು. ಅವನ್ನು ದೊಡ್ಡದು ಮಾಡುವುದು ನಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಅವುಗಳಲ್ಲಿ ಏನಿದೆಯೆಂದು ತಿಳಿದಿರುವುದು ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದ ಸಲಕರಣೆ ಒಂದು ನೋಟ್‌ಬುಕ್ಕು, ಒಂದು ಲೇಖನಿ, ಪುಸ್ತಕವೊಂದಕ್ಕೆ ಹತ್ತು ನಿಮಿಷ. ಜನವರಿಯವರೆಗೆ ಕಾಯಬೇಕಾದ ಅವಶ್ಯಕತೆಯಿಲ್ಲ. ಈಗ ಓದುತ್ತಿರುವ ಪುಸ್ತಕದಿಂದಲೇ ತೊಡಗಬಹುದು.